ಹಳೇ ಟರ್ಬೋ ಕಾರಿಗೆ ಪಿಕಪ್ ಇಲ್ಲವೇ? ಟರ್ಬೋ ಬಿಚ್ಚಿಸುವ ಮೊದಲು ಅಳತೆ ಮಾಡಿ

"ಗಾಡಿ ಎಳೀತಿಲ್ಲ, ಗ್ಯಾರೇಜಿನವರು ಟರ್ಬೋ ಹೋಗಿದೆ ಅಂತಿದ್ದಾರೆ, ಬದಲಾಯಿಸಲಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರ ಕಾರುಗಳೂ ಹೆಚ್ಚುಕಡಿಮೆ ಅವೇ: ಸ್ವಿಫ್ಟ್ ಡಿಡಿಐಎಸ್, ಫಿಯೆಟ್ ಪುಂಟೊ, ವರ್ನಾ ಸಿಆರ್‌ಡಿಐ, ಇನ್ನೋವಾ, ಸ್ಕಾರ್ಪಿಯೋ, ಅಪರೂಪಕ್ಕೊಂದು ಆಕ್ಟೇವಿಯಾ 1.8 ಟರ್ಬೋ ಪೆಟ್ರೋಲ್. ಎಲ್ಲರಿಗೂ ನಮ್ಮ ಉತ್ತರ ಒಂದೇ: ಈಗಲೇ ಬೇಡ. ಟರ್ಬೋ ಕೆಲಸ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವುದು, ಇಂಜೆಕ್ಟರ್ ಕೆಲಸ ಇಂಧನ ಚಿಮ್ಮಿಸುವುದು. ಕಡಿಮೆ ಬೀಳುತ್ತಿರುವುದು ಗಾಳಿಯೋ ಇಂಧನವೋ ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಬದಲಾಯಿಸಿದ ಟರ್ಬೋ, ಇಂಜೆಕ್ಟರ್, ಪಂಪು ಯಾವುದಕ್ಕೇ ದುಡ್ಡು ಕೊಟ್ಟರೂ ಅದು ದಂಡವೇ.

ಕೆಳಗಿನ ಹಂತಗಳು ಮುಖ್ಯವಾಗಿ ಕಾಮನ್ ರೈಲ್ ಡೀಸೆಲ್ ಕಾರುಗಳಿಗೆ ಅನ್ವಯಿಸುತ್ತವೆ. ಕಾಮನ್ ರೈಲ್ ಅಂದರೆ ಹೈ ಪ್ರೆಶರ್ ಪಂಪು ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಡೀಸೆಲನ್ನು ಒತ್ತಿ ಇಟ್ಟಿರುತ್ತದೆ, ಎಲ್ಲ ಇಂಜೆಕ್ಟರ್‌ಗಳೂ ಅದರಿಂದಲೇ ತೆಗೆದುಕೊಳ್ಳುತ್ತವೆ. ಆ ಕೊಳವೆಯೇ ರೈಲು. ಪೆಟ್ರೋಲ್ ಟರ್ಬೋ ವಿಷಯ ಕೊನೆಯ ಭಾಗದಲ್ಲಿದೆ. ಸ್ಕೋಡಾ ಲಾರಾ 1.9 ಪಿಡಿ ಎಂಜಿನ್ ಇರುವವರು ಗಮನಿಸಿ: ಅದರಲ್ಲಿ ರೈಲೇ ಇಲ್ಲ, ಕ್ಯಾಮ್‌ಶಾಫ್ಟ್ ಒಂದೊಂದು ಇಂಜೆಕ್ಟರನ್ನೂ ಒತ್ತಿ ಅಲ್ಲಲ್ಲೇ ಒತ್ತಡ ಹುಟ್ಟಿಸುತ್ತದೆ. ಆದ್ದರಿಂದ 6ನೇ ಹಂತ ನಿಮಗಲ್ಲ.

ಬೇಕಾದ ಸಾಮಾನು

ಬ್ಲೂಟೂತ್ ಓಬಿಡಿ ಅಡಾಪ್ಟರ್ ಒಂದು (ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಮೊಬೈಲಿಗೆ ಕಳಿಸುವ ಸಾಧನ; ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ), ಅದಕ್ಕೊಂದು ಮೊಬೈಲ್ ಆ್ಯಪ್. ಮಲ್ಟಿಮೀಟರ್. ಡೀಸೆಲ್ ತಡೆಯುವ ಪಾರದರ್ಶಕ ಪೈಪು ಒಂದಡಿ, ನಿಮ್ಮ ಗಾಡಿಯ ಡೀಸೆಲ್ ಪೈಪಿನ ಅಳತೆಯದ್ದು, ಜೊತೆಗೆ ನಾಲ್ಕು ಕ್ಲಿಪ್ಪು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಒಂದೇ ಅಳತೆಯ ನಾಲ್ಕು ಪಾರದರ್ಶಕ ಬಾಟಲಿ. ಸೋಪಿನ ನೀರು ತುಂಬಿದ ಸ್ಪ್ರೇ. ಕೈ ವ್ಯಾಕ್ಯೂಮ್ ಪಂಪು ಸಿಕ್ಕರೆ ಅರ್ಧ ಕೆಲಸ ಹಗುರ. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸು, ಪಕ್ಕದಲ್ಲಿ ಒಬ್ಬರು.

ಭಾರತದಲ್ಲಿ ಕಾರುಗಳಿಗೆ ಓಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕೂ ಮೊದಲಿನ ಕೆಲವು ಗಾಡಿಗಳು ಸಾಮಾನ್ಯ ಆ್ಯಪ್‌ಗೆ ಪೂರ್ತಿ ಮಾಹಿತಿ ಕೊಡುವುದಿಲ್ಲ. ಆಗ ಆಯಾ ಕಂಪನಿಯ ಭಾಷೆ ಗೊತ್ತಿರುವ ಸಾಫ್ಟ್‌ವೇರ್ ಬೇಕು: ಫಿಯೆಟ್‌ಗೆ ಮಲ್ಟಿಇಸಿಯುಸ್ಕ್ಯಾನ್, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ಗೆ ವಿಸಿಡಿಎಸ್.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ಓಡುವಾಗ ರೈಲಿನಲ್ಲಿ ನೂರಾರು ಬಾರ್, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ 1,400ರಿಂದ 1,600 ಬಾರ್ ಒತ್ತಡ ಇರುತ್ತದೆ. ಟೈರಿನ ಗಾಳಿ ಸುಮಾರು 2 ಬಾರ್ ಅನ್ನುವುದನ್ನು ನೆನಪಿಟ್ಟುಕೊಂಡು ಲೆಕ್ಕ ಹಾಕಿ. ಕೂದಲೆಳೆ ಬಿರುಕಿನಿಂದ ಹಾರುವ ಡೀಸೆಲ್ ಗ್ಲೌಸನ್ನೂ ಚರ್ಮವನ್ನೂ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣಬಹುದು, ಒಳಗೆ ಬೆರಳೇ ಕೊಳೆಯುವಂಥ ಗಾಯ ಆಗಿರುತ್ತದೆ. ಹಾಗಾದರೆ ಕಾಯಬೇಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, "ಹೈ ಪ್ರೆಶರ್ ಡೀಸೆಲ್ ಒಳಗೆ ಹೋಗಿದೆ" ಎಂದೇ ಹೇಳಿ. ಸೋರಿಕೆಯನ್ನು ಕೈಯಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಇಂಜೆಕ್ಟರ್ ನಟ್ಟು ಸಡಿಲಿಸಿ ಏರ್ ತೆಗೆಯುವ ಪದ್ಧತಿ ಇತ್ತು. ಕಾಮನ್ ರೈಲಿನಲ್ಲಿ ಎಂಜಿನ್ ಓಡುತ್ತಿರುವಾಗ ಹಾಗೆ ಮಾಡಲೇಬಾರದು, ಯಾವ ಅನುಭವಿ ಮೆಕ್ಯಾನಿಕ್ ಹೇಳಿದರೂ ಸರಿ.

1. ದೋಷ ಎಂಜಿನ್ನಿನದೇ ಹೌದೇ?

ನಾಲ್ಕನೇ ಗೇರಿನಲ್ಲಿ ಸುಮಾರು 1,800 ಆರ್‌ಪಿಎಂನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಎಂಜಿನ್ನನ್ನು ಮುಟ್ಟಬೇಡಿ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ (ಮುಟ್ಟಬೇಡಿ); ಒಂದು ಮಾತ್ರ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಇಷ್ಟಕ್ಕೇ ಎಷ್ಟೋ ಕಾರುಗಳ ರೋಗ ಗೊತ್ತಾಗಿಬಿಡುತ್ತದೆ.

2. ಎಂಜಿನ್ ಶುರು ಮಾಡದೆ ಮೂರು ಅಂಕಿ ಬರೆದುಕೊಳ್ಳಿ

ರಾತ್ರಿಯಿಡೀ ನಿಂತ ತಣ್ಣನೆ ಗಾಡಿ, ಕೀ ಆನ್, ಸ್ಟಾರ್ಟ್ ಮಾಡಬೇಡಿ. ಮೊದಲು ಎಂಜಿನ್ನಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್‌ಗಳನ್ನು ಆ್ಯಪ್‌ನಲ್ಲಿ ಓದಿ, ಬರೆದುಕೊಂಡು, ಆಮೇಲೆ ಅಳಿಸಿ. ಬರೆಯದೆ ಅಳಿಸುವುದು ಎಲ್ಲರೂ ಮಾಡುವ ತಪ್ಪು. ನಮಗೆ ಮುಖ್ಯವಾದ ಕೋಡ್‌ಗಳು: ಪಿ0087 ಅಂದರೆ ರೈಲಿನ ಒತ್ತಡ ಕಡಿಮೆ, ಪಿ0088 ಹೆಚ್ಚು, ಪಿ0190 ರೈಲ್ ಸೆನ್ಸರಿನ ವೈರಿಂಗ್ ದೋಷ, ಪಿ0299 ಟರ್ಬೋ ಸಾಕಷ್ಟು ಒತ್ತುತ್ತಿಲ್ಲ, ಪಿ0234 ಅತಿಯಾಗಿ ಒತ್ತುತ್ತಿದೆ, ಪಿ0101 ಗಾಳಿ ಅಳೆಯುವ ಸೆನ್ಸರಿನ ಲೆಕ್ಕ ತಪ್ಪಿದೆ. ಕೋಡ್ ಎಂದರೆ ದೂರು ಮಾತ್ರ, ತೀರ್ಪಲ್ಲ. ಪಿ0299 ಬಂತೆಂದರೆ ಟರ್ಬೋ ಹೋಗಿದೆ ಎಂದೇನಲ್ಲ, ಹರಿದ ಪೈಪೂ ಅದೇ ಕೋಡ್ ಕೊಡುತ್ತದೆ.

ಮೊದಲ ಅಂಕಿ ಬ್ಯಾಟರಿ ವೋಲ್ಟೇಜು. 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿ ಮುಂದುವರಿಯಿರಿ.

ಎರಡನೆಯದು ಮ್ಯಾಪ್ ಸೆನ್ಸರ್, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಗಾಳಿಯ ಒತ್ತಡ. ಎಂಜಿನ್ ನಿಂತಿರುವಾಗ ಅದು ತೋರಿಸುವುದು ಹೊರಗಿನ ವಾತಾವರಣದ ಒತ್ತಡವನ್ನೇ. ಪುಸ್ತಕಗಳಲ್ಲಿ 101 ಕೆಪಿಎ (ಕಿಲೋಪಾಸ್ಕಲ್, 100 ಕೆಪಿಎ ಅಂದರೆ 1 ಬಾರ್) ಅಂತ ಇರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ 90ರಿಂದ 92 ಬಂದರೆ ಸೆನ್ಸರ್ ಸರಿಯಾಗಿದೆ ಎಂದರ್ಥ. 91 ನೋಡಿ ಸೆನ್ಸರ್ ಕೆಟ್ಟಿದೆಯೆಂದು ಹೊಸದು ಹಾಕಿಸಿಕೊಳ್ಳಬೇಡಿ. ಇಲ್ಲಿ 101 ತೋರಿಸಿದರೇ ಅನುಮಾನ ಪಡಬೇಕು.

ಮೂರನೆಯದು ರೈಲ್ ಪ್ರೆಶರ್. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಇದು ಸೊನ್ನೆಯ ಹತ್ತಿರ ಇರಬೇಕು. 40-50 ಬಾರ್ ತೋರಿಸುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಇದರ ಪರಿಣಾಮ ವಿಚಿತ್ರ: ಇರುವುದಕ್ಕಿಂತ ಹೆಚ್ಚು ಒತ್ತಡ ಇದೆಯೆಂದು ನಂಬಿದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನಿಜವಾದ ಒತ್ತಡವನ್ನು ಅಷ್ಟೇ ಇಳಿಸುತ್ತದೆ. ಅಂಕಿಗಳೆಲ್ಲ ಸರಿಯಾಗಿಯೇ ಕಾಣುತ್ತವೆ, ಗಾಡಿ ಮಾತ್ರ ಎಳೆಯುವುದಿಲ್ಲ. ಸಾಮಾನ್ಯವಾಗಿ ಈ ಸೆನ್ಸರ್‌ಗಳು ಒತ್ತಡವಿಲ್ಲದಾಗ ಸುಮಾರು 0.5 ವೋಲ್ಟ್ ಕೊಡುತ್ತವೆ, ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಿ.

3. ಹೊಗೆ ಏನು ಹೇಳುತ್ತಿದೆ?

ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಗಾಡಿಯವರು ಬೈಯುವಷ್ಟು ಕಪ್ಪು ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. 4ನೇ ಹಂತದ ಓಟ ಮುಗಿಸಿ ನೇರ 7ನೇ ಹಂತಕ್ಕೆ ಹೋಗಿ. ಹೊಗೆಯೂ ಇಲ್ಲ, ಎಳೆತವೂ ಇಲ್ಲ, ಏರಿನಲ್ಲಿ ಹಗ್ಗ ಕಟ್ಟಿ ಹಿಂದಕ್ಕೆ ಎಳೆದ ಹಾಗಾಗುತ್ತದೆ ಅಂದರೆ ಇಂಧನದ ಕಡೆ ಅನುಮಾನ ಪಡಿ. ಬಿಳಿ ಹೊಗೆ, ಕಣ್ಣುರಿ, ಬೆಳಿಗ್ಗೆ ನಡುಕ ಇದ್ದರೆ ಯಾವುದೋ ಇಂಜೆಕ್ಟರಿನಿಂದ ಸುಡದ ಡೀಸೆಲ್ ಹೊರಗೆ ಬರುತ್ತಿದೆ. ನೀಲಿ ಹೊಗೆ ಆಯಿಲ್ ಸುಡುವುದರ ಗುರುತು. ಟರ್ಬೋ ಸೀಲ್ ಅಥವಾ ಎಂಜಿನ್ ರಿಂಗು.

ಓಡುತ್ತಾ ಓಡುತ್ತಾ ಥಟ್ಟನೆ ಶಕ್ತಿ ಬಿದ್ದು, ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಮತ್ತೆ ಸರಿಹೋಗುತ್ತದೆಯೇ? ಅದು ಲಿಂಪ್ ಮೋಡ್. ಏನೋ ಮಿತಿ ಮೀರಿದ್ದನ್ನು ಕಂಡ ಇಸಿಯು ಎಂಜಿನ್ ಹಾಳಾಗದಿರಲೆಂದು ತಾನೇ ಶಕ್ತಿ ಇಳಿಸಿರುತ್ತದೆ. ಇಂಥ ಗಾಡಿಯಲ್ಲಿ ಕೋಡ್ ಇದ್ದೇ ಇರುತ್ತದೆ.

4. ರಸ್ತೆಯ ಮೇಲೆ ಒಂದು ಓಟ

ನಿಂತಲ್ಲೇ ರೇಸ್ ಮಾಡಿ ನೋಡುವುದರಿಂದ ಪ್ರಯೋಜನವಿಲ್ಲ. ಭಾರವಿಲ್ಲದ ಎಂಜಿನ್ ಹೆಚ್ಚು ಡೀಸೆಲನ್ನೂ ಕೇಳುವುದಿಲ್ಲ, ಟರ್ಬೋ ಒತ್ತುವುದೂ ಇಲ್ಲ. ಭಾನುವಾರ ನಸುಕಿನಲ್ಲಿ ನೈಸ್ ರಸ್ತೆಯಂಥ ಖಾಲಿ ಏರು ಹುಡುಕಿ. ಎಂಜಿನ್ ಪೂರ್ತಿ ಕಾದಿರಲಿ, ಎ.ಸಿ. ಆಫ್ ಇರಲಿ. ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ 3,500ರ ತನಕ ಪೂರ್ತಿ ಆಕ್ಸಿಲರೇಟರ್ ಕೊಡಿ, ವೇಗದ ಮಿತಿಯೊಳಗೇ ಇರಿ. ಮೊಬೈಲ್ ಪಕ್ಕದವರ ಕೈಯಲ್ಲಿರಲಿ, ಆ್ಯಪ್‌ನಲ್ಲಿ ದಾಖಲಿಸಿಕೊಳ್ಳಿ: ಆರ್‌ಪಿಎಂ, ರೈಲ್ ಪ್ರೆಶರ್, ಮ್ಯಾಪ್, ಮ್ಯಾಫ್ (ಒಳಗೆ ಹೋಗುವ ಗಾಳಿಯ ತೂಕ, ಸೆಕೆಂಡಿಗೆ ಇಷ್ಟು ಗ್ರಾಂ).

ಕಂಪನಿ ಸಾಫ್ಟ್‌ವೇರ್ ಇದ್ದರೆ "ಕೇಳಿದ" ಮತ್ತು "ಸಿಕ್ಕ" ರೈಲ್ ಪ್ರೆಶರ್ ಎರಡನ್ನೂ ಒಟ್ಟಿಗೆ ನೋಡಿ. ಎರಡೂ ಜೊತೆಜೊತೆಗೆ ಏರಬೇಕು. ಇಸಿಯು 1,300 ಕೇಳುತ್ತಿದ್ದು 1,000ದಲ್ಲೇ ನಿಂತರೆ ಇಂಧನ ಸಾಲುತ್ತಿಲ್ಲ ಅನ್ನುವುದು ಸಿದ್ಧವಾಯಿತು. ಬರೀ ಸಾಮಾನ್ಯ ಆ್ಯಪ್ ಇದ್ದರೆ ಗ್ರಾಫಿನ ಆಕಾರ ನೋಡಿ: ಐಡ್ಲಿಂಗ್‌ನಲ್ಲಿ 250-350 ಬಾರ್ ಇದ್ದದ್ದು ಸತತವಾಗಿ ಏರಬೇಕು. ಅರ್ಧಕ್ಕೇರಿ, ಆಕ್ಸಿಲರೇಟರ್ ಪೂರ್ತಿ ಒತ್ತಿರುವಾಗಲೇ ಇಳಿಯತೊಡಗಿದರೆ ಅದೂ ಅದೇ ರೋಗ. ಮ್ಯಾಪ್ ಹೆಚ್ಚಿನ ಹಳೇ ಡೀಸೆಲ್ ಟರ್ಬೋಗಳಲ್ಲಿ 180ರಿಂದ 230 ಕೆಪಿಎ ತನಕ ಹೋಗುತ್ತದೆ. 110-120ರಲ್ಲೇ ನಿಂತರೆ ಗಾಳಿಯ ಕಡೆ ಹೋಗಿ.

5. ಕಡಿಮೆ ಒತ್ತಡದ ಸಾಲು: ಟ್ಯಾಂಕಿನಿಂದ ಪಂಪಿನ ತನಕ

ರೈಲಿನ ಒತ್ತಡ ಕಡಿಮೆಯೆಂದ ಕೂಡಲೇ ದುಬಾರಿ ಹೈ ಪ್ರೆಶರ್ ಪಂಪನ್ನು ದೂರಬೇಡಿ. ಪಂಪು ಬಂದದ್ದನ್ನು ಒತ್ತುತ್ತದೆ ಅಷ್ಟೇ, ಬಾರದೇ ಇದ್ದದ್ದನ್ನು ಹೇಗೆ ಒತ್ತೀತು? ನಮ್ಮ ಅನುಭವದಲ್ಲಿ ಹೆಚ್ಚಿನ ದೋಷಗಳು ಈ ಅಗ್ಗದ ಸಾಲಿನಲ್ಲೇ ಸಿಗುತ್ತವೆ.

ಶಕ್ತಿ ಬಿದ್ದಾಗ ಗಾಡಿ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಳಿ ಜೋರಾಗಿ ಒಳಗೆ ಎಳೆದುಕೊಂಡ ಸದ್ದಾಗಿ, ಆಮೇಲೆ ಗಾಡಿ ಸ್ವಲ್ಪ ಹೊತ್ತು ಚೆನ್ನಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಖರ್ಚಿಲ್ಲದ ಪರೀಕ್ಷೆ, ಇದನ್ನೇ ಮೊದಲು ಮಾಡಿ.

ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಸುಮಾರು 100 ಮಿ.ಲೀ. ಪಾರದರ್ಶಕ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಡೀಸೆಲ್ಲೇ ಹೈ ಪ್ರೆಶರ್ ಪಂಪಿನ ಜಾರುವ ಎಣ್ಣೆ ಕೂಡ. ನೀರು ಸೇರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ನೀರು ಕಂಡರೆ ಟ್ಯಾಂಕ್ ಖಾಲಿ ಮಾಡಿ ತೊಳೆಸುವ ತನಕ ಓಡಿಸಬೇಡಿ. ಹಳೇ ಫಿಲ್ಟರನ್ನು ಕತ್ತರಿಸಿ ಕಾಗದವನ್ನು ಬಿಸಿಲಿನಲ್ಲಿ ಹಿಡಿದು ನೋಡಿ. ಕಪ್ಪು ಜಿಡ್ಡು ಸಾಮಾನ್ಯ. ಬೆಳ್ಳಿಪುಡಿಯಂತೆ ಹೊಳೆಯುವ ಲೋಹದ ಕಣ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ: ಪಂಪು ಸವೆದು ಪುಡಿ ಉದುರಿಸುತ್ತಿದೆ. ಆ ಪುಡಿ ರೈಲಿಗೂ ಇಂಜೆಕ್ಟರಿಗೂ ಹೋಗಿರುತ್ತದೆ, ಪಂಪೊಂದನ್ನೇ ಬದಲಾಯಿಸಿದರೆ ಹೊಸದೂ ಹಾಳಾಗುತ್ತದೆ.

ಫಿಲ್ಟರ್ ಹಾಕಿ 20,000 ಕಿ.ಮೀ. ಆಗಿದ್ದರೆ, ಅಥವಾ ಯಾವಾಗ ಹಾಕಿದ್ದೆಂದೇ ನೆನಪಿಲ್ಲದಿದ್ದರೆ, ಒಳ್ಳೇ ಕಂಪನಿಯದ್ದನ್ನು ಹಾಕಿಸಿ. ತುಂಬಿಸುವಾಗ ಕ್ಯಾನಿನ ಡೀಸೆಲನ್ನು ಪಂಪಿಗೆ ಹೋಗುವ ಕಡೆಯ ತೂತಿಗೆ ಸುರಿಯಬೇಡಿ, ಸೋಸದ ಕೊಳೆ ನೇರ ಪಂಪಿಗೆ ಹೋಗುತ್ತದೆ. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪು ಇರುವ ಕಾರಿನಲ್ಲಿ ಕೀಯನ್ನು ಹತ್ತು ಹತ್ತು ಸೆಕೆಂಡು ಐದಾರು ಸಲ ಆನ್-ಆಫ್ ಮಾಡಿದರೆ ಏರ್ ಹೋಗುತ್ತದೆ. ಇನ್ನೋವಾದಂಥ ಗಾಡಿಗಳಲ್ಲಿ ಫಿಲ್ಟರ್ ಮೇಲಿನ ಕೈಪಂಪನ್ನು ಗಟ್ಟಿಯಾಗುವ ತನಕ ಒತ್ತಿ. ಸೆಲ್ಫ್ ಹೊಡೆಯುವುದಾದರೆ ಒಂದು ಸಲಕ್ಕೆ 10 ಸೆಕೆಂಡು ಮೀರಬೇಡಿ.

ಆಮೇಲೆ ಫಿಲ್ಟರಿಗೂ ಪಂಪಿಗೂ ಮಧ್ಯೆ ಪಾರದರ್ಶಕ ಪೈಪು ಜೋಡಿಸಿ, ಐಡ್ಲಿಂಗ್‌ನಲ್ಲೂ 2,500 ಆರ್‌ಪಿಎಂನಲ್ಲೂ ನೋಡಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದರೆ ಚಿಂತೆಯಿಲ್ಲ. ಬಿಡದೆ ಸರಪಳಿಯಂತೆ ಗುಳ್ಳೆ ಓಡುತ್ತಿದ್ದರೆ ಎಲ್ಲೋ ಏರ್ ಹಿಡಿಯುತ್ತಿದೆ: ಒಣಗಿದ ರಬ್ಬರ್ ಪೈಪು, ಒಡೆದ ಪ್ಲಾಸ್ಟಿಕ್ ಜೋಡಣೆ, ಫಿಲ್ಟರಿನ ಓ-ರಿಂಗು. ಪಂಪು ತಾನೇ ಡೀಸೆಲ್ ಹೀರಿಕೊಳ್ಳುವ ಗಾಡಿಗಳಲ್ಲಿ ಇಂಥ ಬಿರುಕಿನಿಂದ ಡೀಸೆಲ್ ಹೊರಗೆ ಸೋರುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕೆಳಗೆ ತೊಟ್ಟಿಕ್ಕಿಲ್ಲವೆಂದು ಮೆಕ್ಯಾನಿಕ್ ಮೋಸಹೋಗುವುದು.

ಎಲೆಕ್ಟ್ರಿಕ್ ಪಂಪು ಇದ್ದರೆ ಅದರ ಕನೆಕ್ಟರಿನಲ್ಲಿ ಎಂಜಿನ್ ಓಡುವಾಗ ವೋಲ್ಟೇಜು ಅಳೆಯಿರಿ. ಬ್ಯಾಟರಿಗೂ ಅಲ್ಲಿಗೂ 0.5 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ತಪ್ಪು ಪಂಪಿನದಲ್ಲ. ಸುಟ್ಟ ರಿಲೇ, ತುಕ್ಕು ಹಿಡಿದ ಅರ್ಥ್, ಸಡಿಲ ಪಿನ್ನು ಹುಡುಕಿ.

6. ಹೆಚ್ಚಿನ ಒತ್ತಡದ ಸಾಲು: ಇಂಜೆಕ್ಟರ್ ರಿಟರ್ನ್ ಪರೀಕ್ಷೆ

ಕಡಿಮೆ ಒತ್ತಡದ ಸಾಲು ಸರಿಯಿದ್ದೂ ರೈಲಿನ ಒತ್ತಡ ಏರುತ್ತಿಲ್ಲವೆಂದರೆ ಒಂದೋ ಪಂಪು ಒತ್ತುತ್ತಿಲ್ಲ, ಇಲ್ಲವೇ ಒತ್ತಿದ್ದು ಎಲ್ಲೋ ಸೋರಿ ಹೋಗುತ್ತಿದೆ. ಸೋರಿಕೆ ಹೆಚ್ಚಾಗಿ ಸವೆದ ಇಂಜೆಕ್ಟರಿನೊಳಗೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಪ್ರತಿ ಇಂಜೆಕ್ಟರಿನ ತಲೆಯಿಂದ ಒಂದು ಸಣ್ಣ ಪೈಪು ಹೆಚ್ಚಾದ ಡೀಸೆಲನ್ನು ಟ್ಯಾಂಕಿಗೆ ಮರಳಿಸುತ್ತದೆ, ಅದೇ ರಿಟರ್ನ್.

ಎಂಜಿನ್ ಕಾದ ಮೇಲೆ ಆಫ್ ಮಾಡಿ ಒಂದೆರಡು ನಿಮಿಷ ಕಾಯಿರಿ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಕ್ಲಿಪ್ ತೆಗೆದು ಒಂದೊಂದಕ್ಕೂ ಪೈಪು ಹಾಕಿ ಒಂದೊಂದು ಬಾಟಲಿಗೆ ಬಿಡಿ. ಟ್ಯಾಂಕಿನ ಕಡೆಯ ರಿಟರ್ನ್ ಪೈಪಿಗೆ ಬಿರಡೆ ಹಾಕಿ, ಇಲ್ಲದಿದ್ದರೆ ಪಂಪಿನ ರಿಟರ್ನ್ ಡೀಸೆಲ್ ಆ ದಾರಿಯಲ್ಲಿ ಬಾನೆಟ್ಟಿನೊಳಗೆಲ್ಲ ಚೆಲ್ಲಬಹುದು. ಐಡ್ಲಿಂಗ್‌ನಲ್ಲಿ ಎರಡು ನಿಮಿಷ, 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಓಡಿಸಿ ಮಟ್ಟ ಹೋಲಿಸಿ. ಎಷ್ಟು ಮಿ.ಲೀ. ಅನ್ನುವುದಕ್ಕಿಂತ ಒಂದಕ್ಕೊಂದು ಎಷ್ಟು ಬೇರೆ ಅನ್ನುವುದೇ ಮುಖ್ಯ. ನಾಲ್ಕೂ ಹೆಚ್ಚುಕಡಿಮೆ ಸಮ ಇರಬೇಕು. ಒಂದು ಉಳಿದವುಗಳ ಎರಡು-ಮೂರು ಪಟ್ಟು ತುಂಬಿದ್ದರೆ ಕಳ್ಳ ಸಿಕ್ಕಿಬಿದ್ದ. ಬೆಳಿಗ್ಗೆ ಸ್ಟಾರ್ಟ್ ಆಗದ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗಲೇ ಒಂದು ಬಾಟಲಿ ತುಂಬತೊಡಗಿದರೂ ಅದೇ ಅರ್ಥ. ರೈಲಿನಲ್ಲಿ ಸುಮಾರು 150-200 ಬಾರ್ ಹುಟ್ಟದೆ ಇಸಿಯು ಇಂಜೆಕ್ಟರನ್ನು ತೆರೆಯುವುದೇ ಇಲ್ಲ.

ಈ ಪರೀಕ್ಷೆ ಸೊಲೆನಾಯ್ಡ್ (ವಿದ್ಯುತ್ ಸುರುಳಿಯಿಂದ ತೆರೆಯುವ) ಇಂಜೆಕ್ಟರ್‌ಗಳಿಗೆ ಮಾತ್ರ. ಪೀಜೋ (ವಿದ್ಯುತ್ ಕೊಟ್ಟಾಗ ಹಿಗ್ಗುವ ಹರಳಿನಿಂದ ತೆರೆಯುವ) ಇಂಜೆಕ್ಟರ್ ಇರುವ ಎಂಜಿನ್ನುಗಳಲ್ಲಿ ರಿಟರ್ನ್ ಸಾಲಿನಲ್ಲೂ ಒತ್ತಡ ಇರಲೇಬೇಕು, ಅದನ್ನು ಬಿಚ್ಚಿ ಓಡಿಸಿದರೆ ಇಂಜೆಕ್ಟರ್ ಹಾಳಾಗಬಹುದು. ಯಾವುದೆಂದು ಖಚಿತವಿಲ್ಲದಿದ್ದರೆ ಮುಟ್ಟಬೇಡಿ.

ನಾಲ್ಕೂ ಸಮವಾಗಿದ್ದು ಒತ್ತಡ ಮಾತ್ರ ಇಲ್ಲವೆಂದರೆ ಉಳಿಯುವುದು ರೈಲಿನ ಕೊನೆಯಲ್ಲಿರುವ ಒತ್ತಡ ನಿಯಂತ್ರಿಸುವ ವಾಲ್ವು, ಪಂಪಿನ ಮೇಲಿನ ಮೀಟರಿಂಗ್ ವಾಲ್ವು (ಪಂಪಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಯಂತ್ರಿಸುವುದು), ಕೊನೆಗೆ ಪಂಪು. ಐಡ್ಲಿಂಗ್‌ನಲ್ಲೇ ಒತ್ತಡ ಏರಿಳಿಯುತ್ತಾ ಎಂಜಿನ್ ಉಸಿರೆಳೆದಂತೆ ಮಾಡಿದರೆ ಮೀಟರಿಂಗ್ ವಾಲ್ವನ್ನು ಮೊದಲು ನೋಡಿ. ಇಲ್ಲಿಂದ ಮುಂದಿನದು ಮನೆಯ ಕೆಲಸವಲ್ಲ. ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ರಿಪೇರಿಯವರಲ್ಲಿಗೇ ಹೋಗಿ, ರಿಪೇರಿಗೆ ಮುಂಚಿನ ಮತ್ತು ನಂತರದ ಬೆಂಚ್ ರಿಪೋರ್ಟ್ ಎರಡನ್ನೂ ಕಾಗದದಲ್ಲಿ ಕೇಳಿ. ಹಲವು ಎಂಜಿನ್ನುಗಳಲ್ಲಿ ಬದಲಾಯಿಸಿದ ಇಂಜೆಕ್ಟರಿನ ಮೇಲೆ ಕೆತ್ತಿರುವ ಕೋಡನ್ನು ಇಸಿಯುಗೆ ಬರೆಯಬೇಕು. ಬರೆಯದಿದ್ದರೆ ಹೊಸ ಇಂಜೆಕ್ಟರೂ ಹಳೆಯದರಂತೆ ನಡುಗುತ್ತದೆ.

7. ಗಾಳಿಯ ಕಡೆ

ರಸ್ತೆಯ ಓಟದ ಅಂಕಿಗಳನ್ನು ಮತ್ತೆ ತೆಗೆಯಿರಿ. ಮ್ಯಾಪ್ ಕಡಿಮೆ, ಮ್ಯಾಫ್ ಚೆನ್ನಾಗಿದೆ ಅಂದರೆ ಒಳಗೆ ಹೋದ ಗಾಳಿ ಟರ್ಬೋ ದಾಟಿದ ಮೇಲೆ ಸೋರುತ್ತಿದೆ. ಎರಡೂ ಕಡಿಮೆಯಿದ್ದರೆ ದಾರಿ ಕಟ್ಟಿದೆ ಅಥವಾ ಟರ್ಬೋ ತಿರುಗುತ್ತಿಲ್ಲ. ಮ್ಯಾಪ್ ಪರವಾಗಿಲ್ಲ, ಮ್ಯಾಫ್ ಮಾತ್ರ ಕಡಿಮೆ, ಕಪ್ಪು ಹೊಗೆ ಬೇರೆ ಅಂದರೆ ಇಜಿಆರ್ ವಾಲ್ವು ತೆರೆದೇ ನಿಂತಿರಬಹುದು. ಸುಟ್ಟ ಹೊಗೆಯನ್ನು ಸ್ವಲ್ಪ ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವು ಅದು. ಬಿಚ್ಚಿ ಕಾರ್ಬನ್ ತೊಳೆಸಿ. ತಗಡು ಹಾಕಿ ಮುಚ್ಚಿಸಿಬಿಡಿ ಅನ್ನುವವರ ಮಾತು ಕೇಳಬೇಡಿ. ಹೊರಬರುವ ಹೊಗೆ ನಾವೆಲ್ಲ ಉಸಿರಾಡುವ ಗಾಳಿಗೇ ಸೇರುತ್ತದೆ.

ಇಂಟರ್‌ಕೂಲರ್ (ಟರ್ಬೋ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಭಾಗ) ಪೈಪುಗಳನ್ನು ಕೈಯಲ್ಲಿ ಹಿಂಡಿ ಮಡಿಕೆಗಳೊಳಗೆ ನೋಡಿ. ಒಳಗೆ ತೆಳ್ಳಗೆ ಆಯಿಲ್ ಇರುವುದು ಸಹಜ, ಹೊರಗೆ ಎಣ್ಣೆ-ಧೂಳಿನ ಗೆರೆ ಮೂಡಿದ್ದರೆ ಅಲ್ಲೇ ಬಿರುಕು. ಕಾಣದಿದ್ದರೆ ಟರ್ಬೋ ಬಾಯಿಗೆ ಬಿರಡೆ ಕೂರಿಸಿ, ರೆಗ್ಯುಲೇಟರ್ ಇರುವ ಕಂಪ್ರೆಸರಿನಿಂದ ಅರ್ಧ ಬಾರ್ ಗಾಳಿ ಬಿಟ್ಟು ಸೋಪಿನ ನೀರು ಸಿಂಪಡಿಸಿ.

ಆಮೇಲೆ ಟರ್ಬೋ ನಿಯಂತ್ರಿಸುವ ಸಣ್ಣ ವ್ಯಾಕ್ಯೂಮ್ ಪೈಪುಗಳು. ಎಂಜಿನ್ ಬಿಸಿಗೆ ಒಣಗಿ ಸೀಳುವ ಈ ಪೈಪುಗಳಿಂದಲೇ ಎಷ್ಟೋ ಟರ್ಬೋಗಳಿಗೆ ಸುಮ್ಮನೆ ಕೆಟ್ಟ ಹೆಸರು. ವ್ಯಾಕ್ಯೂಮ್‌ನಿಂದ ನಡೆಯುವ ವಿಜಿಟಿ ಟರ್ಬೋ ಇದ್ದರೆ (ಒಳಗಿನ ರೆಕ್ಕೆಗಳು ತಿರುಗಿ ಹೊಗೆಯ ದಾರಿಯನ್ನು ಕಿರಿದು-ಅಗಲ ಮಾಡುವ ಬಗೆ) ಕೈ ವ್ಯಾಕ್ಯೂಮ್ ಪಂಪಿನಿಂದ ಆಕ್ಚುಯೇಟರಿಗೆ (ಕಡ್ಡಿ ಎಳೆದು ಆ ರೆಕ್ಕೆಗಳನ್ನು ತಿರುಗಿಸುವ ಡಬ್ಬಿ) ನಿಧಾನವಾಗಿ ವ್ಯಾಕ್ಯೂಮ್ ಕೊಡಿ. ಕಡ್ಡಿ ತಡೆಯಿಲ್ಲದೆ ಚಲಿಸಬೇಕು, ಬಿಟ್ಟಾಗ ವಾಪಸ್ ಬರಬೇಕು, ವ್ಯಾಕ್ಯೂಮ್ ಹಿಡಿದಿಟ್ಟಾಗ ಪಂಪಿನ ಗೇಜಿನ ಮುಳ್ಳು ಒಂದು ನಿಮಿಷ ಇಳಿಯದೆ ನಿಲ್ಲಬೇಕು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ತೆವಳುವುದೇ ದಿನಚರಿಯಾದ ಗಾಡಿಯಲ್ಲಿ ಟರ್ಬೋ ಚೆನ್ನಾಗಿ ಕಾಯುವುದೇ ಇಲ್ಲ, ಮಸಿ ಕಟ್ಟಿ ರೆಕ್ಕೆಗಳು ಹಿಡಿದುಕೊಳ್ಳುತ್ತವೆ.

ಕಡೆಗೆ, ಎಂಜಿನ್ ತಣ್ಣಗಿರುವಾಗ ಟರ್ಬೋ ಶಾಫ್ಟನ್ನು ಬೆರಳಿನಲ್ಲಿ ಅಲ್ಲಾಡಿಸಿ. ಅಡ್ಡಡ್ಡಲಾಗಿ ತುಸು ಆಟ ಇರುತ್ತದೆ, ಚಿಂತೆಯಿಲ್ಲ. ಹಿಂದೆ-ಮುಂದೆ ಚಲಿಸಿದರೆ ಅಥವಾ ಶಾಫ್ಟಿನ ತುದಿಯ ರೆಕ್ಕೆ ಗೋಡೆಗೆ ತಾಗಿದ ಗೆರೆಯಿದ್ದರೆ ಟರ್ಬೋ ನಿಜಕ್ಕೂ ಹೋಗಿದೆ. ಆಗಲೂ ಆಯಿಲ್ ಬರುವ ಪೈಪನ್ನು ಹೊಸದಾಗಿ ಹಾಕಿಸಿ, ಇಂಟರ್‌ಕೂಲರ್ ತೊಳೆಸಿ, ಆಮೇಲೆಯೇ ಹೊಸ ಟರ್ಬೋ ಕೂರಿಸಿ. ಸೀಲ್ ಹೋದ ಟರ್ಬೋ ಇಟ್ಟುಕೊಂಡು ಓಡಾಡಬೇಡಿ: ಎಂಜಿನ್ ಆಯಿಲನ್ನೇ ಕುಡಿದು, ಕೀ ಆಫ್ ಮಾಡಿದರೂ ನಿಲ್ಲದೆ ರೇಸ್ ಆಗಬಹುದು. ಮ್ಯಾನುಯಲ್ ಗೇರಿನ ಗಾಡಿಯಾದರೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಟ್ಟು ನಿಲ್ಲಿಸಿ.

ಪೆಟ್ರೋಲ್ ಟರ್ಬೋ ಇರುವವರಿಗೆ

ಇಲ್ಲಿ ಅಂಕಿಗಳು ಚಿಕ್ಕವು, ಅಪಾಯ ದೊಡ್ಡದು. ಆಕ್ಟೇವಿಯಾ 1.8 ಟರ್ಬೋದಂಥ ಎಂಜಿನ್ನಿನಲ್ಲಿ ಫ್ಯೂಯಲ್ ರೈಲಿನ ಒತ್ತಡ 3 ಅಥವಾ 4 ಬಾರ್, ಎಷ್ಟೆಂದು ರೆಗ್ಯುಲೇಟರಿನ (ಆ ಒತ್ತಡವನ್ನು ಹದದಲ್ಲಿಡುವ ಭಾಗ) ಮೇಲೆ ಬರೆದಿರುತ್ತದೆ. 10 ಬಾರ್ ಗೇಜ್ ಜೋಡಿಸಿ, ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ತೆಗೆದಾಗ ಆ ಅಂಕಿ ಬರಬೇಕು, ಹಾಕಿದಾಗ ಅರ್ಧ ಬಾರ್‌ನಷ್ಟು ಇಳಿಯಬೇಕು. ಆ ಪೈಪಿನೊಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರ್ ಹರಿದಿದೆ. ಟರ್ಬೋ 0.7 ಬಾರ್ ಒತ್ತಿದರೆ ಇಂಧನದ ಒತ್ತಡವೂ 0.7 ಏರಬೇಕು. ಏರುವ ಬದಲು ಇಳಿದರೆ ಪಂಪು ಅಥವಾ ಫಿಲ್ಟರ್ ಸೋಲುತ್ತಿದೆ, ಆಗ ಪೆಟ್ರೋಲ್ ಕಡಿಮೆಯಾಗಿ ಬಿಸಿ ಏರಿ ಪಿಸ್ಟನ್ನೇ ಕರಗಬಹುದು. ಡೀಸೆಲ್‌ನಲ್ಲಿ ಇಂಧನ ಸಾಲದಿದ್ದರೆ ಗಾಡಿ ನಿಧಾನವಾಗುತ್ತದೆ ಅಷ್ಟೇ. ಪೆಟ್ರೋಲ್ ಟರ್ಬೋದಲ್ಲಿ ಎಂಜಿನ್ನೇ ಹೋಗುತ್ತದೆ. ಏರಿನಲ್ಲಿ ಕಟಕಟ ಸದ್ದು ಕೇಳಿದರೆ ಅಲ್ಲಿಗೇ ಆಕ್ಸಿಲರೇಟರ್ ಬಿಡಿ, ದೋಷ ಸಿಗುವ ತನಕ ಪೂರ್ತಿ ಒತ್ತಬೇಡಿ. ಗೇಜ್ ಬಿಚ್ಚುವಾಗ ಬಟ್ಟೆ ಸುತ್ತಿ ಬಿಚ್ಚಿ, ಹತ್ತಿರದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಈಗ ಬಂಕುಗಳಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪುಗಳಿಗೆ ಒಗ್ಗುವುದಿಲ್ಲ. ಮೆತ್ತಗಾಗಿರುವುದನ್ನೂ ಬಿರುಕು ಬಿಟ್ಟಿರುವುದನ್ನೂ ಇದೇ ಕೈಗೆ ಬದಲಾಯಿಸಿ.

ರಿಪೇರಿ ಆದ ಮೇಲೆ

ಕೋಡ್ ಅಳಿಸಿ, ಅದೇ ರಸ್ತೆ, ಅದೇ ಗೇರು, ಎಂಜಿನ್ ಅಷ್ಟೇ ಕಾದ ಸ್ಥಿತಿಯಲ್ಲಿ 4ನೇ ಹಂತದ ಓಟವನ್ನು ಮತ್ತೆ ಮಾಡಿ. ಎರಡು ಗ್ರಾಫುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರೈಲ್ ಪ್ರೆಶರ್ 3,500 ಆರ್‌ಪಿಎಂ ತನಕ ಬೀಳದೆ ಏರಿದರೆ ಮಾತ್ರ ಬಿಲ್ ಕೊಡಿ.